ಕೆಳಗಿನ ಸಾಲಿನ ಇಲಿಗಳು

ಇಲಿಯಮ್ಮನಿಗೆ ಆ ಹೆಸರಿಟ್ಟವರು ಪ್ರಯೋಗಾಲಯದ ವಿದ್ಯಾರ್ಥಿಗಳು. ಮೊದಮೊದಲು ಬೆನ್ನ ಹಿಂದೆ ಅಂದರು, ಆಮೇಲೆ ಎದುರಿಗೇ ಅಂದರು, ಕೊನೆಗೆ ಆಫೀಸಿನ ಗುಮಾಸ್ತನೂ ಹಾಗೇ ಕರೆಯತೊಡಗಿದ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ಹುಲಿಯಮ್ಮ ಅಂದಿದ್ರೆ ನಾನೇ ಹೆದರ್ಕೋಬೇಕಾಗಿತ್ತು, ಇಲಿ ತಾನೇ, ಬಿಡಿ" ಎಂದು ನಕ್ಕಳು.

ಆಸ್ಪತ್ರೆಯ ಹಿಂಬದಿ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರಾಣಿಗಳ ಕೋಣೆ. ಕಿಟಕಿಯಿಲ್ಲ. ಹನ್ನೆರಡು ಗಂಟೆ ದೀಪ ಉರಿಯುತ್ತದೆ, ಹನ್ನೆರಡು ಗಂಟೆ ಆರಿರುತ್ತದೆ; ಅಲ್ಲಿನ ಇಲಿಗಳ ಪಾಲಿಗೆ ಸೂರ್ಯ ಎಂದರೆ ಗೋಡೆಯ ಮೇಲಿನ ಟೈಮರ್. ಇಪ್ಪತ್ತೆರಡು ವರ್ಷ ಆಕೆ ಬೆಳಿಗ್ಗೆ ಏಳಕ್ಕೆ ಆ ಕೋಣೆಗೆ ಇಳಿದು, ನೀಲಿ ಅಂಗಿ ತೊಟ್ಟು, ಬೋನುಗಳಲ್ಲಿನ ಮರದ ಹೊಟ್ಟು ಬದಲಿಸಿ, ಬಾಟಲಿ ತೊಳೆದು, ನೀರು ತುಂಬಿದ್ದಳು. ಯಾವ ಇಲಿಗೆ ಮೈ ಸರಿಯಿಲ್ಲ ಎಂಬುದು ತೂಕದ ಯಂತ್ರಕ್ಕಿಂತ ಎರಡು ದಿನ ಮೊದಲೇ ಆಕೆಗೆ ತಿಳಿಯುತ್ತಿತ್ತು. ಬೆನ್ನು ಗೂನಾಗುತ್ತದೆ, ರೋಮ ನೆಟ್ಟಗಾಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ದೊಡ್ಡ ದೊಡ್ಡ ಓದು ಓದಿದವರೂ "ಇಲಿಯಮ್ಮ, ಇದನ್ನ ಸ್ವಲ್ಪ ನೋಡಿ" ಎಂದು ಬೋನು ತಂದು ಮುಂದಿಡುತ್ತಿದ್ದರು.

ನೋವಿನ ವಿಷಯದಲ್ಲಿ ಆಕೆಯನ್ನು ಯಾರೂ ಏಮಾರಿಸುವ ಹಾಗಿರಲಿಲ್ಲ. ಹದಿಮೂರನೆಯ ವಯಸ್ಸಿನಿಂದ ತಿಂಗಳಿಗೆ ನಾಲ್ಕು ದಿನ ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಮೂಲೆಯಲ್ಲಿ ಮುದುಡಿ ಬಿದ್ದವಳು ಆಕೆ. ಮದುವೆಯಾದರೆ ಸರಿಹೋಗುತ್ತದೆ ಅಂದಳು ತಾಯಿ. ಮದುವೆಯಾಯಿತು. ಒಂದು ಹೆತ್ತರೆ ಸರಿಹೋಗುತ್ತದೆ ಅಂದಳು ಅತ್ತೆ. ಹೆರಲಿಲ್ಲ. ಗಂಡನೆಂಬ ಮಹಾನುಭಾವ "ಇವಳದ್ದು ಬರೀ ನಾಟಕ" ಎಂದು ಆರು ವರ್ಷ ಗೊಣಗಿ, ಏಳನೆಯ ವರ್ಷ ಬೇರೆ ಸಂಸಾರ ಹೂಡಿದ. ನಲವತ್ತೆಂಟಕ್ಕೆ ಮುಟ್ಟು ನಿಂತಾಗ ನೋವೂ ಹೋಯಿತು, ಮನೆಯನ್ನೆಲ್ಲ ಹಾಳು ಮಾಡಿದ ಬಾಡಿಗೆದಾರ ಹೇಳದೆ ಕೇಳದೆ ಖಾಲಿ ಮಾಡಿದ ಹಾಗೆ. ಅದಕ್ಕೊಂದು ಹೆಸರಿದೆಯೆಂದು ತಿಳಿದದ್ದು ಐವತ್ತಾರರಲ್ಲಿ, ಅದೂ ಇಲಿಗಳ ದೆಸೆಯಿಂದ.

ಆ ವರ್ಷ ಹೆರಿಗೆ ವಿಭಾಗದ ವೈದ್ಯೆಯೊಬ್ಬರು, ಎಲ್ಲರೂ ಮೇಡಂ ಎಂದು ಕರೆಯುವವರು, ಇಪ್ಪತ್ತನಾಲ್ಕು ಹೆಣ್ಣು ಇಲಿಗಳನ್ನು ತರಿಸಿದರು. ಒಂದೊಂದರ ಗರ್ಭಕೋಶದ ಚೂರು ತೆಗೆದು ಅದರದೇ ಹೊಟ್ಟೆಯೊಳಗೆ ಬೇರೆ ಕಡೆ ಹೊಲಿದರು. ಇದ್ಯಾಕೆ ಹೀಗೆ ಎಂದು ಇಲಿಯಮ್ಮ ಕೇಳಿದಾಗ ಮೇಡಂ ಸ್ಟೂಲಿನ ಮೇಲೆ ಕೂತು ಸಮಾಧಾನವಾಗಿ ಹೇಳಿದರು.

"ಗರ್ಭಕೋಶದ ಒಳಗಿರ್ಬೇಕಾದ ಪದರ ಕೆಲವು ಹೆಂಗಸರಿಗೆ ಹೊರಗೆ ಅಂಟ್ಕೊಂಡು ಬೆಳೆಯುತ್ತಮ್ಮ. ತಿಂಗಳು ತಿಂಗಳು ಅಲ್ಲೂ ರಕ್ತ ಬರುತ್ತೆ, ಆಚೆ ಹೋಗೋಕೆ ದಾರಿ ಇರಲ್ಲ. ಗಂಟು ಕಟ್ಟುತ್ತೆ, ಪ್ರಾಣ ಹೋಗೋ ಹಾಗೆ ನೋವು. ಎಂಡೊಮೆಟ್ರಿಯೋಸಿಸ್ ಅಂತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಅಂಥದ್ದೇ ಏನೋ ಒಳಗೆ ನಡೀತಿರುತ್ತೆ. ಅದನ್ನ ತಡೆಯೋ ಔಷಧಿ ಇದು, ಆಂಟಿಆಕ್ಸಿಡೆಂಟ್. ಗಂಟು ಕರಗುತ್ತಾ ನೋಡೋಣ ಅಂತ."

ಇಲಿಯಮ್ಮ ಬಾಟಲಿ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮೂವತ್ತೈದು ವರ್ಷದ ನಾಟಕಕ್ಕೆ ಅಂದು ಹೆಸರು ಸಿಕ್ಕಿತ್ತು.

ಅತ್ತದ್ದು ತನಗಾಗಿ ಮಾತ್ರವಲ್ಲ. ಮನೆಯಲ್ಲಿ ತಂಗಿಯ ಮಗಳಿದ್ದಳು. ತಂಗಿ ತೀರಿಕೊಂಡಾಗ ಒಂಬತ್ತು ವರ್ಷದ ಕೂಸು. ಅಂದಿನಿಂದ ಇಲಿಯಮ್ಮನೇ ತಾಯಿ. ಈಗ ಮೂವತ್ತೊಂದು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ದಿನವಿಡೀ ನಿಂತೇ ಇರಬೇಕು. ಗಂಡ ಹಡಗಿನಲ್ಲಿ ಕೆಲಸ ಮಾಡುವವನು, ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೇ. ಹುಡುಗಿಗೂ ಅದೇ ಕಾಯಿಲೆ. ಒಮ್ಮೆ ಹೊಟ್ಟೆ ಕೊಯ್ದು ಗಂಟು ತೆಗೆದಿದ್ದರು, ಕಾಯಿಲೆಯ ಹೆಸರು ಮಾತ್ರ ಇವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಎರಡೇ ವರ್ಷಕ್ಕೆ ಮತ್ತೆ ಬೆಳೆದು ಮೂತ್ರದ ನಾಳವನ್ನು ಒತ್ತಿ ಹಿಡಿದಿತ್ತು. ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಬಿಡೋಣ ಅಂದರು ಸರ್ಜನ್. ಹುಡುಗಿಗೆ ಮಗು ಬೇಕಾಗಿತ್ತು. ಕೈಕಾಲು ಹಿಡಿದು ಆರು ತಿಂಗಳ ಗಡುವು ಪಡೆದಳು. ಅಲ್ಲಿಯವರೆಗೆ ಮೂತ್ರ ಕಟ್ಟಿಕೊಳ್ಳದಿರಲೆಂದು ನಾಳದೊಳಗೆ ಒಂದು ಸಣ್ಣ ಕೊಳವೆ ಹಾಕಿದರು.

ಗಡುವು ಯಾಕೆಂದರೆ ಮೇಡಂ ಒಂದು ಮಾತು ಹೇಳಿದ್ದರು. ಇಲಿಗಳಲ್ಲಿ ಔಷಧಿ ಕೆಲಸ ಮಾಡಿದರೆ, ಒಮ್ಮೆ ಆಪರೇಷನ್ ಆಗಿ ಕಾಯಿಲೆ ಮರುಕಳಿಸಿದ ಹೆಂಗಸರಿಗೆ ಕೊಟ್ಟು ನೋಡಲು ಆಸ್ಪತ್ರೆಯ ಸಮಿತಿ ಒಪ್ಪುತ್ತದೆ. "ಪಟ್ಟೀಲಿ ಮೊದಲನೇ ಹೆಸರು ನಿಮ್ಮ ಹುಡುಗೀದೇ" ಎಂದಿದ್ದರು.

ಮೇಲಿನ ಸಾಲಿನ ನಾಲ್ಕು ಬೋನುಗಳ ಹನ್ನೆರಡು ಇಲಿಗಳಿಗೆ ಔಷಧಿ ಬೆರೆಸಿದ ನೀರು, ಕೆಳಗಿನ ಸಾಲಿನ ಹನ್ನೆರಡಕ್ಕೆ ಬರೀ ನೀರು. ಬೆಳಕಿಗೆ ಔಷಧಿ ಕೆಡುತ್ತದೆಂದು ಎಲ್ಲಕ್ಕೂ ಕಂದು ಬಾಟಲಿ. ಅದುವರೆಗೆ ಔಷಧಿ ಏನಿದ್ದರೂ ವಿದ್ಯಾರ್ಥಿಗಳು ಸೂಜಿಯಲ್ಲೋ ನಳಿಗೆಯಲ್ಲೋ ಕೊಡುತ್ತಿದ್ದರು. ಕುಡಿಯುವ ನೀರಿನಲ್ಲೇ ಬಂದು ಆಕೆಯ ಕೈಗೆ ಸಿಕ್ಕಿದ್ದು ಅದೇ ಮೊದಲು. ಸೋಮವಾರ, ಗುರುವಾರ ಹೊಸ ಔಷಧಿ ನೀರು ಬರುತ್ತಿತ್ತು, ಹಳೆಯದನ್ನು ಚೆಲ್ಲಬೇಕು.

ಅರ್ಧರ್ಧ ಬಾಟಲಿ ಉಳಿಯುತ್ತಿತ್ತು. ಮೊದಲೆರಡು ವಾರ ಚೆಲ್ಲಿದಳು. ಮೂರನೆಯ ವಾರ ಚೆಲ್ಲಲು ಬಾಟಲಿ ಎತ್ತಿದವಳು ಕೆಳಗಿನ ಸಾಲನ್ನು ನೋಡಿದಳು. ಹನ್ನೆರಡೂ ಮುದುಡಿ ಕೂತಿದ್ದವು. ಮೇಲಿನವು ಹೊಟ್ಟು ಕೆದಕಿ ಗೂಡು ಕಟ್ಟುತ್ತಿದ್ದರೆ ಇವು ಮೂಲೆ ಸೇರಿ ಬೆನ್ನು ಗೂನು ಮಾಡಿಕೊಂಡು ಕಣ್ಣು ಅರ್ಧ ಮುಚ್ಚಿದ್ದವು. ಆ ಭಂಗಿ ಆಕೆಗೆ ಹೊಸದಲ್ಲ; ಅದರಲ್ಲೇ ತನ್ನ ಅರ್ಧ ಆಯುಸ್ಸು ಕಳೆದಿತ್ತು. ಇಲ್ಲಿ ಔಷಧಿ ಮೋರಿಗೆ ಹೋಗಬೇಕು, ಅಲ್ಲಿ ಅವು ನರಳಬೇಕು, ಇದ್ಯಾವ ನ್ಯಾಯ ಅನ್ನಿಸಿತು. "ಬನ್ರೇ, ನೀವೇನು ಪಾಪ ಮಾಡಿದ್ದೀರಿ" ಎಂದು ಉಳಿದದ್ದನ್ನೆಲ್ಲ ಕೆಳಗಿನ ಬಾಟಲಿಗಳಿಗೆ ಹಂಚಿದಳು.

ಬೋನು ಅದಲುಬದಲು ಮಾಡಬಾರದೆಂದು ಆಕೆಗೆ ಗೊತ್ತಿತ್ತು. ಮಾಡಲೂ ಇಲ್ಲ. ಮೇಲಿನ ಸಾಲಿಗೆ ಒಂದು ಹನಿ ಕಡಿಮೆ ಮಾಡಲಿಲ್ಲ. ಎಲ್ಲ ಪ್ರಯೋಗದಲ್ಲೂ ಒಂದು ಸಾಲನ್ನು ಹಾಗೇ ಬಿಡುತ್ತಾರೆಂಬುದನ್ನು ಕಂಡಿದ್ದಳು. ಔಷಧಿ ದುಬಾರಿ, ಎಲ್ಲಕ್ಕೂ ಸಾಲದು, ಅದಕ್ಕೇ ಇರಬೇಕು ಅಂದುಕೊಂಡಿದ್ದಳು. ಅಷ್ಟೂ ವರ್ಷದಲ್ಲಿ ಆಕೆಯನ್ನು ಕೂರಿಸಿಕೊಂಡು ಅದರ ಕಾರಣ ಹೇಳುವ ಪುರುಸೊತ್ತು ಒಬ್ಬ ಪಂಡಿತನಿಗೂ ಆಗಿರಲಿಲ್ಲ. ಇಲಿ ನೋಡಿಕೊಳ್ಳುವವಳಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದರೋ ಏನೋ.

ಹತ್ತು ದಿನದಲ್ಲಿ ಕೆಳಗಿನ ಸಾಲಿನ ಇಲಿಗಳು ಚೇತರಿಸಿಕೊಂಡವು. ಅವು ಹೊಟ್ಟು ಕೆದಕುವ ಸದ್ದು ಕೇಳಿ ಆಕೆಗಾದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಬಂದು ಹುಡುಗಿಗೂ ಹೇಳಿದಳು. "ಔಷಧಿ ಕೆಲಸ ಮಾಡ್ತಿದೆ ಕಣೇ. ಈ ಕಣ್ಣಲ್ಲೇ ನೋಡ್ತಿದ್ದೀನಿ."

ಎಂಟನೆಯ ವಾರ ಇಪ್ಪತ್ತನಾಲ್ಕನ್ನೂ ಕೊಂದು, ಹೊಟ್ಟೆ ತೆರೆದು ಗಂಟುಗಳನ್ನು ಅಳೆದರು. ಒಂದು ವಾರದ ಮೇಲೆ ಮೇಡಂ ಕೋಣೆಗೆ ಬಂದು ಖಾಲಿ ಬೋನುಗಳ ಮುಂದೆ ನಿಂತರು. ಮುಖ ಸೋತುಹೋಗಿತ್ತು.

"ಆಗ್ಲಿಲ್ಲಮ್ಮ. ಎರಡೂ ಸಾಲಲ್ಲೂ ಗಂಟು ಹೆಚ್ಚುಕಡಿಮೆ ಒಂದೇ ಅಳತೆ. ಎಲ್ಲಾ ಸಣ್ಣವೇ. ಔಷಧಿ ಕೊಡದಿದ್ರೂ ಸಣ್ಣದಾಗುತ್ತೆ ಅಂದ್ಮೇಲೆ ಔಷಧಿಯಿಂದ ಆಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ಸಮಿತಿಯವರು ಒಪ್ಪಲ್ಲ."

ಇಲಿಯಮ್ಮನ ಕೈಯಲ್ಲಿದ್ದ ಬ್ರಷ್ ತೊಟ್ಟಿಯೊಳಗೆ ಬಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಟಲಿಗಳೆಲ್ಲ ತೊಳೆದು ಕಪಾಟು ಸೇರಿದ್ದವು. ಆದರೂ ಹೇಳಿದಳು. ಒಂದೂ ಬಿಡದೆ, ಯಾವ ವಾರದಿಂದ, ಎಷ್ಟೆಷ್ಟು ಎಂದು ಹೇಳಿದಳು.

ಮೇಡಂ ಸ್ಟೂಲು ಎಳೆದು ಕೂತರು. "ಯಾಕೆ ಹೀಗೆ ಮಾಡಿದ್ರಿ?"

"ಅವಕ್ಕೂ ನೋವಿತ್ತಲ್ಲ ಮೇಡಂ."

"ಇರ್ಬೇಕಾಗಿತ್ತಮ್ಮ. ಔಷಧಿ ಇಲ್ದೇ ಇದ್ರೆ ಏನಾಗುತ್ತೆ ಅಂತ ಅವು ತೋರಿಸ್ಬೇಕಾಗಿತ್ತು." ಮೇಡಂ ಬೈಯಲಿಲ್ಲ. ಬೈದಿದ್ದರೆ ಇಲಿಯಮ್ಮನಿಗೆ ಸ್ವಲ್ಪ ಹಗುರವಾಗುತ್ತಿತ್ತು. "ನಾನಾದ್ರೂ ಒಂದು ಮಾತು ಬಿಡಿಸಿ ಹೇಳ್ಬೇಕಿತ್ತು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮೊದಲಿಂದ ಮಾಡುವುದಾದರೆ ಹೊಸ ಅನುಮತಿ, ಹೊಸ ಇಲಿ, ಕಡಿಮೆಯೆಂದರೂ ಎರಡು ವರ್ಷ. ಹುಡುಗಿಗೆ ಉಳಿದಿದ್ದದ್ದು ಐದು ವಾರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಟ್ಟಿ ಬೀಳಿಸಿದ್ದು ತನ್ನದೇ ಕೈ.

ಔಷಧಿಗೆ ಒಪ್ಪಿಗೆ ಸಿಗಲಿಲ್ಲ ಎಂದಷ್ಟೇ ಹುಡುಗಿಗೆ ಹೇಳಿದಳು. ಉಳಿದದ್ದನ್ನು ಹೇಳಲಿಲ್ಲ. ಗಡುವು ಮುಗಿಯಿತು. ಆಪರೇಷನ್ನಿನ ಹಿಂದಿನ ಮಧ್ಯಾಹ್ನ, ವಾರ್ಡಿನ ಮಂಚದ ಪಕ್ಕ ಕೂತಿದ್ದಾಗ ಇನ್ನು ತಡೆಯಲಾರದೆ ಎಲ್ಲ ಹೇಳಿಬಿಟ್ಟಳು.

ಹುಡುಗಿ ಚಾವಣಿ ನೋಡುತ್ತ ಕೇಳಿಸಿಕೊಂಡಳು. ಪಕ್ಕದ ಮಂಚದವರ ಫೋನು ಬಡಿದುಕೊಂಡು ತಾನಾಗಿ ನಿಂತಿತು.

"ಅವಕ್ಕೆ ನೋವು ಹೋಯ್ತಾ?"

"ಹೋಯ್ತು ಅನ್ಸುತ್ತೆ ಮಗಳೇ. ಓಡಾಡ್ತಿದ್ವು."

"ಹದಿನಾಲ್ಕನೇ ವಯಸ್ಸಲ್ಲಿ ನೋವು ಅಂತ ನಿನ್ನ ಹತ್ರ ಬಂದೆ. ಎಲ್ಲಾ ಹೆಂಗಸರಿಗೂ ಇದ್ದದ್ದೇ, ಸಹಿಸ್ಕೋ ಅಂದೆ ನೀನು. ಹತ್ತು ವರ್ಷ ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಿಲ್ಲ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ಇಲಿಗೆ ಮಾತ್ರ ಎರಡು ತಿಂಗಳು ಸಹಿಸ್ಕೋ ಅನ್ನೋಕೆ ನಿಂಗೆ ಆಗ್ಲಿಲ್ವಾ ದೊಡ್ಡಮ್ಮ?"

ಇಲಿಯಮ್ಮ ಹುಡುಗಿಯ ಕಾಲ ಮೇಲಿನ ಹೊದಿಕೆ ಎಳೆದು ಸರಿಮಾಡಿದಳು. ತನಗೆ ಯಾರೂ ಬೇರೇನೂ ಹೇಳಿಕೊಟ್ಟಿರಲಿಲ್ಲ ಎಂಬುದು ನಿಜ. ಆದರೆ ಆ ಮಂಚದ ಪಕ್ಕ ಕೂತು ಆಡುವ ಮಾತಲ್ಲ ಅದು.

ನರ್ಸ್ ಒಪ್ಪಿಗೆಯ ಫಾರಂ ತಂದಳು. ಹುಡುಗಿ ಎದ್ದು ಕೂತು, ಓದದೆ ರುಜು ಹಾಕಿದಳು. "ಗಂಡ ಊರಲ್ಲಿಲ್ವಾ? ಹಾಗಾದ್ರೆ ಮನೆಯವರು ಒಬ್ರು ಹಾಕ್ಬೇಕು" ಅಂದಳು ನರ್ಸ್.

ಹುಡುಗಿ ಪೆನ್ನನ್ನು ದೊಡ್ಡಮ್ಮನ ಕಡೆ ಚಾಚಿದಳು. ಇಲಿಯಮ್ಮ ಅದನ್ನು ತೆಗೆದುಕೊಂಡು, ನರ್ಸ್ ಬೆರಳಿಟ್ಟು ತೋರಿಸಿದ ಗೆರೆಯ ಮೇಲೆ ತನ್ನ ಹೆಸರು ಬರೆದಳು.