ಬಾಡಿಗೆ ಮನೆಯ ವಾಸನೆ, ತಿಹೋಮಿರ್ ಅವರ ಮೂಗು

ಸೊಂಬೋರ್ ಊರಿನ ಹೆಂಚುಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಲೆಪೊಸಾವಾ ಅವರ ಮನೆಯ ಮಾಡಿನ ಮೇಲೆ ಕಪ್ಪು ಕೋಟಿನ ಮನುಷ್ಯರೊಬ್ಬರು ಹೊಗೆಗೂಡಿಗೆ ಮೂಗು ಒಡ್ಡಿ ನಿಂತಿದ್ದಾರೆ. ಊರೆಲ್ಲ ಕಾಫಿಯ ಪರಿಮಳ ಹೀರುವ ಹೊತ್ತಿಗೆ ಹೊಗೆಗೂಡು ಗುಡಿಸುವ ತಿಹೋಮಿರ್ ಮಸಿಯ ಪರಿಮಳ ಹೀರುತ್ತಾರೆ. ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಬ್ರಷ್ಷನ್ನು ಎಳೆದುಕೊಂಡು ತಳಕ್ಕಿಳಿಯುತ್ತದೆ. ಮೇಲೆಳೆದರೆ ಬ್ರಷ್ಷಿಗೆ ಮಸಿಯೇ ಅಂಟಿಲ್ಲ. ಗೂಡು ಚೊಕ್ಕಟವಾಗಿದೆ ಎಂದು ಅವರ ಮುಖ ಕಪ್ಪಿಡುತ್ತದೆ. ಮಸಿ ಮೆತ್ತಿದ ಆ ಮುಖದಲ್ಲಿ ಕಪ್ಪಿಡಲು ಇನ್ನೂ ಜಾಗವಿದ್ದರೆ.

ಗೂಡು ಚೊಕ್ಕಟವಾಗಿದ್ದರೆ ತಪ್ಪು ಬಾಡಿಗೆಯವಳದ್ದು ಎಂಬುದು ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಲೆಪೊಸಾವಾ ಅವರ ತೀರ್ಪು.

ಬಾಡಿಗೆಯವಳ ಹೆಸರು ಯಾಗೊದಾ. ಬೀದಿ ಬದಿಯ ಕೋಣೆ ಹಿಡಿದು ಬಟ್ಟೆ ಹೊಲಿಯುತ್ತಾಳೆ. ಚಳಿ ಶುರುವಾಗಿ ಒಲೆ ಹೊತ್ತಿಸಿದಂದಿನಿಂದ ಕೋಣೆಯಲ್ಲಿ ಹುಳಿಹೊಗೆಯ ನಾತ. ಹೊಲಿದ ಲಂಗಗಳನ್ನು ಗಿರಾಕಿಗಳು ಮೂಸಿ ವಾಪಸು ಕೊಡುತ್ತಿದ್ದಾರೆ. ಸಂಜೆಯಾದರೆ ಅವಳಿಗೆ ತಲೆನೋವು. ಅವಳು ಚಿಂದಿಬಟ್ಟೆ ಸುಡುತ್ತಾಳೆಂದು ಲೆಪೊಸಾವಾ, ಇಲ್ಲವೆಂದು ಇವಳು. ವಾಸನೆ ಹೋಗದಿದ್ದರೆ ಭಾನುವಾರ ಕೋಣೆ ಖಾಲಿ ಮಾಡಬೇಕೆಂದು ಅಪ್ಪಣೆಯಾಗಿದೆ. ಕೋಣೆ ಹೋದರೆ ಅಂಗಡಿಯೂ ಹೋದಂತೆ.

ತಿಹೋಮಿರ್ ಅವರಿಗೂ ಇದು ಮರ್ಯಾದೆ ಪ್ರಶ್ನೆ. ಹೋದ ಸಲ ಬಂದು ಕಾಗೆಗೂಡೊಂದನ್ನು ಕಿತ್ತು, ಇನ್ನು ವಾಸನೆ ಬರುವುದಿಲ್ಲ ಎಂದು ಹೇಳಿಹೋಗಿದ್ದರು. ಕಾಗೆಗೆ ಮನೆ ತಪ್ಪಿತು, ಯಾಗೊದಾಳಿಗೆ ವಾಸನೆ ತಪ್ಪಲಿಲ್ಲ. "ನಾನು ಮೇಲ್ಗಡೆ ಮಾತ್ರ ನೋಡ್ದೆ, ಕೆಳಗೆ ಬಗ್ಗಿ ನೋಡ್ಲಿಲ್ಲ. ಮಂಡಿ ನೋವು ನೋಡಿ" ಎಂದು ಏಣಿ ಇಳಿಯುತ್ತಾ ಹೇಳುತ್ತಾರೆ.

ಮಾವನಿಂದ ಬಂದ ಕಸುಬು ಇದು. ಶರತ್ಕಾಲ ಬಂತೆಂದರೆ ದಿನಕ್ಕೆ ಹತ್ತು ಹನ್ನೆರಡು ಮನೆ. ಮೈಯೆಲ್ಲ ಕಪ್ಪು, ಸಂಪಾದನೆಯೆಲ್ಲ ಬಿಳಿ. ದಾರಿಯಲ್ಲಿ ಅವರನ್ನು ಕಂಡವರು ಅದೃಷ್ಟ ಕುದುರಲೆಂದು ತಮ್ಮ ಕೋಟಿನ ಗುಂಡಿ ಹಿಡಿದುಕೊಳ್ಳುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರೆ ಅದೇ ಕೋಟನ್ನು ಎತ್ತಿಕೊಂಡು ಸರಿಯುತ್ತಾರೆ. "ಗುಂಡಿ ಹಿಡ್ಯೋರು ಒಂದ್ಸಲ ಕೈ ಹಿಡಿದು ಕುಲುಕ್ಲಿ ನೋಡೋಣ" ಎಂದು ನಗುತ್ತಾರೆ.

ಈ ಸಲ ಅವರು ಒಲೆಯ ಮುಂದೆ ನರಳುತ್ತಾ ಮಂಡಿಯೂರುತ್ತಾರೆ. ಒಲೆಯ ಬಾಗಿಲು ತೆರೆದು ಕಡ್ಡಿ ಗೀರುತ್ತಾರೆ. ಉರಿ ಒಲೆಯೊಳಗೆ ಬಾಗಬೇಕು. ಬಾಗುವುದು ಕೋಣೆಯ ಕಡೆಗೆ. ಯಾಗೊದಾಳಿಗೆ ಕಿಟಕಿ ತೆರೆಯಲು ಹೇಳುತ್ತಾರೆ. ಅಂಚಿಗೆಲ್ಲ ಟೇಪು ಅಂಟಿಸಿರುವುದರಿಂದ ಅದು ಕಿರುಗುಟ್ಟಿಕೊಂಡೇ ತೆರೆಯುತ್ತದೆ. ಉರಿ ಸುಮ್ಮನೆ ಒಲೆಯೊಳಕ್ಕೆ ತಿರುಗುತ್ತದೆ.

"ಒಲೆಗೂ ಉಸಿರಾಡೋಕೆ ಗಾಳಿ ಬೇಕಲ್ಲಮ್ಮ. ಈ ಕೋಣೆಗೆ ಗಾಳಿಕಿಂಡಿ ಎಲ್ಲಿ?"

ಹಿಂದೆಯೇ ಒಳಗೆ ಬಂದಿದ್ದ ಲೆಪೊಸಾವಾ ಅವರಿಗೆ ಇದ್ದಕ್ಕಿದ್ದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಆಸಕ್ತಿ ಹುಟ್ಟುತ್ತದೆ. ತಿಹೋಮಿರ್ ಮತ್ತು ಯಾಗೊದಾ ಸೇರಿ ಬಟ್ಟೆಬೀರುವನ್ನು ಸರಿಸುತ್ತಾರೆ. ಹಿಂದೆ ಕಿಂಡಿ ಇದೆ, ಅದರ ತುಂಬ ಗಂಡಸರ ಉಣ್ಣೆ ಸ್ವೆಟರೊಂದನ್ನು ತುರುಕಿದೆ. ಬೀದಿಯವರು ಲೆಪೊಸಾವಾರನ್ನು ಕರೆಯುವುದೇ ಲೇಪಾ ಎಂದು. ಬಿರುಕು ಕಂಡಲ್ಲೆಲ್ಲ ಲೇಪ ಹಚ್ಚುವುದರಲ್ಲಿ ಅವರು ಹೆಸರಿಗೆ ತಕ್ಕವರೇ.

ಕಾರಣ ಕೇಳಬೇಕಿಲ್ಲ. ಪ್ರೊಮಾಯಾ. ಒಂದು ಸಂದಿಯಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಡುವ ಆ ಗಾಳಿಗೆ ಈ ಊರಿನ ನಾವು ಹೆದರುವಷ್ಟು ತೋಳಕ್ಕೂ ಹೆದರುವುದಿಲ್ಲ. ಹಲ್ಲುನೋವು, ಕಿವಿನೋವು, ಅಳಿಯನ ಸಿಡುಕು, ಎಲ್ಲ ಅದರದೇ ಕೆಲಸ. ಗಂಡ ಮಿಲೊರಾದ್ ಈ ಕಿಂಡಿಯ ಕೆಳಗೇ ಮಲಗುತ್ತಿದ್ದರು, ನೋವು ಕುತ್ತಿಗೆಯಿಂದ ಶುರುವಾಗಿ, ಎದೆಗಿಳಿದು, ಕೊನೆಗೆ ಅವರನ್ನೇ ಒಯ್ದಿತು ಎಂದು ಲೇಪಾ ಸಣ್ಣ ದನಿಯಲ್ಲಿ ಹೇಳುತ್ತಾರೆ. ಸ್ವೆಟರ್ ಅವರದೇ.

ತಿಹೋಮಿರ್ ಸ್ವೆಟರನ್ನು ಕೊಡವಿ, ಮಡಚಿ, ಲೇಪಾರ ಕೈಗಿಡುತ್ತಾರೆ.

"ಲೇಪಾ ಅತ್ತೆ, ನಂಗೂ ಪ್ರೊಮಾಯಾ ಅಂದ್ರೆ ಭಯಾನೇ. ಮಾಡಿನ ಮೇಲೂ ಮಫ್ಲರ್ ಬಿಚ್ಚಲ್ಲ. ಆದ್ರೆ ಗಾಳಿ ಬಂದ್ರೆ ಕುತ್ತಿಗೆ ಹಿಡ್ಕೊಳ್ಳುತ್ತೆ, ಬರದೇ ಇದ್ರೆ ಉಸಿರೇ ಹಿಡ್ಕೊಳ್ಳುತ್ತೆ. ವಾಸನೆ ಬಂದಿದ್ದು ಈ ಹುಡುಗಿ ಪುಣ್ಯ. ಜೊತೇಲಿ ವಾಸನೆ ಇಲ್ಲದ ವಿಷಾನೂ ಬರ್ತಿತ್ತು."

"ಹಾಗಾದ್ರೆ ನಾನೇ ಇವಳನ್ನ..." ಎಂದ ಲೇಪಾ ಸ್ವೆಟರ್ ಹಿಡಿದು ಒಳಗೆ ಹೋಗುತ್ತಾರೆ. ಮರಳಿ ಬರುವಾಗ ಕೈಯಲ್ಲಿ ದಪ್ಪನೆಯ ಶಾಲು. ಅದನ್ನು ಯಾಗೊದಾಳ ಕುತ್ತಿಗೆಗೆ ಸುತ್ತಿ ಬಿಗಿಯುತ್ತಾರೆ, ಕಿಂಡಿಯ ನೇರಕ್ಕೆ ಕೂತು ಹೊಲಿಯಕೂಡದೆಂದು ಷರತ್ತು ಹಾಕುತ್ತಾರೆ. ಭಾನುವಾರದ ಮಾತನ್ನು ಇಬ್ಬರೂ ಎತ್ತುವುದಿಲ್ಲ. "ನನ್ನ ಕಪ್ಪು ಲಂಗದ ಅಂಚು ಬಿಚ್ಚಿದೆ, ಸೋಮವಾರ ಕೊಡ್ತೀನಿ" ಎಂಬುದೇ ಅಲ್ಲಿಯ ಕ್ಷಮಾಪಣೆ. ಯಾಗೊದಾ ಶಾಲಿನೊಳಗಿಂದ ತಲೆಯಾಡಿಸುತ್ತಾಳೆ.

ಒಲೆ ಮತ್ತೆ ಹೊತ್ತುತ್ತದೆ. ಹೊಗೆ ತನ್ನ ದಾರಿ ಹಿಡಿಯುತ್ತದೆ. ತಿಹೋಮಿರ್ ಕಿಂಡಿಗೆ ಜಾಲರಿ ಬಡಿದು, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಲೇಪಾ ಕೇಳಿದರೆ ಬಾಗಿಲಲ್ಲಿ ನಿಂತು ಕೋಣೆಯನ್ನೊಮ್ಮೆ ನೋಡುತ್ತಾರೆ.

"ಮುಂದಿನ ವರ್ಷ ಬಂದಾಗ ಬೀರು ಈಗಿರೋ ಕಡೇನೇ ಇರ್ಬೇಕು. ಈ ಹುಡುಗೀನೂ ಇಲ್ಲೇ ಇರ್ಬೇಕು. ಅಷ್ಟು ಸಾಕು."