ತಂಗಡಿಯ ಬಗ್ಗೆ ಅಕ್ಕೋರು ಬರೆದ ಸುಳ್ಳು

ಅಕ್ಕೋರ ಹಿಮ್ಮಡಿಗಳು ಒಡೆದು, ಬಿರುಕುಗಳಲ್ಲಿ ಮರಡಿಯ ಕೆಂಪು ಮೊರಂ ಮಣ್ಣು ಯಾವಾಗಲೂ ಕೂತಿರುತ್ತಿತ್ತು. ಕಮಲಾಪುರದ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದರು. ಭಾನುವಾರ ಬಂತೆಂದರೆ ನಮ್ಮನ್ನು ಊರ ಹೊರಗಿನ ಆ ಮರಡಿ ಗುಡ್ಡ ಹತ್ತಿಸುವರು. ಬರೀ ಕಲ್ಲು, ಬಿಸಿಲು. ದನ ಕೂಡ ಮೂಸದ ತಂಗಡಿ ಗಿಡಗಳು ಮಾತ್ರ ಮೈತುಂಬ ಹಳದಿ ಹೂ ಬಿಟ್ಟು ನಿಂತಿರುತ್ತಿದ್ದವು.

"ನೀರ ನಿಂತ್ರ ಇದರ ಬೇರು ಕೊಳೀತಾವ. ಇದಕ್ಕ ಇಂಥಾ ಜಾಗಾನೇ ಬೇಕು," ಎನ್ನುತ್ತಿದ್ದರು.

ಹನ್ನೊಂದು ವರ್ಷ ನೋಡಿ ನೋಡಿ ಅಲ್ಲಿಯ ಗಿಡಗಳ ಬಗ್ಗೆ ಒಂದು ನೋಟ್‌ಬುಕ್ ತುಂಬಿಸಿದ್ದರು. ಕಲಬುರಗಿಯ ಪ್ರೊಫೆಸರೊಬ್ಬರು ಅದನ್ನು ಓದಲು ಕೇಳಿದರು. ಹಿಂದೊಮ್ಮೆ ಅಕ್ಕೋರ ಲೇಖನವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡವರು ಅವರು. ಅಕ್ಕೋರು ಇಲ್ಲವೆನ್ನಲಿಲ್ಲ. ಮೂಲದ್ದನ್ನು ತಮ್ಮಲ್ಲಿಟ್ಟುಕೊಂಡು ನಕಲು ಬರೆದು ಕೊಟ್ಟರು. ಅದರಲ್ಲಿ ಒಂದೇ ಒಂದು ಸಾಲು ಬದಲಿಸಿದ್ದನ್ನು ನನಗೆ ತೋರಿಸಿ, "ಕದ್ದವಗ ಇದು ದಕ್ಕಬಾರದು ನೋಡು," ಎಂದು ನಕ್ಕರು.

ಎರಡು ವರ್ಷಕ್ಕೆ ಪ್ರೊಫೆಸರ ಪುಸ್ತಕ ಬಂತು. ಅಕ್ಕೋರ ಹೆಸರು ಎಲ್ಲೂ ಇರಲಿಲ್ಲ. ಕಲಬುರಗಿಯಲ್ಲಿ ನಡೆದ ಬಿಡುಗಡೆಗೆ ಅಕ್ಕೋರು ನನ್ನನ್ನೂ ಕರೆದೊಯ್ದರು. ಭಾಷಣ ಮುಗಿಯುತ್ತಲೇ ಎದ್ದು ನಿಂತರು.

"ಸರ್, ತಂಗಡಿ ಕೆರಿ ದಂಡ್ಯಾಗ, ನೀರ ನಿಂತ ಎರಿ ಮಣ್ಣಾಗ ಬೆಳೀತದ ಅಂತ ಬರ್ದೀರಿ. ಎಲ್ಲಿ ನೋಡೀರಿ?"

"ಕಮಲಾಪುರದಾಗ್ರೀ ಮೇಡಂ. ನಾನೇ ಕಣ್ಣಾರೆ ನೋಡೀನಿ."

"ಅದು ನಾ ಬೇಕಂತಲೇ ಬರ್ದ ಸುಳ್ಳರೀ," ಎಂದು ಹಳೆಯ ನೋಟ್‌ಬುಕ್ ಎತ್ತಿ ಹಿಡಿದರು.

ಮುಂದಿನ ಸಾಲಿನವರು ಅದನ್ನು ಇಸಿದುಕೊಂಡು, ಪುಸ್ತಕದ ಪಕ್ಕ ಇಟ್ಟು ಓದತೊಡಗಿದರು. ಪ್ರೊಫೆಸರು ಕುಡಿಯಲು ನೀರು ಕೇಳಿದರು.

ವಾರದ ನಂತರ ಅವರು ಕಮಲಾಪುರಕ್ಕೇ ಬಂದರು. ಮುಂದಿನ ಮುದ್ರಣದಲ್ಲಿ ಹೆಸರು ಹಾಕುತ್ತೇನೆ, ಇಷ್ಟಕ್ಕೆ ಬಿಟ್ಟುಬಿಡಿ ಎಂದು ಬೇಡಿಕೊಂಡರು. ಅಕ್ಕೋರು ಮಟಮಟ ಮಧ್ಯಾಹ್ನ ಅವರನ್ನು ಮರಡಿ ಹತ್ತಿಸಿದರು; ನಾನೂ ಜೊತೆಗಿದ್ದೆ. ಹೂ ಬಿಟ್ಟ ತಂಗಡಿಯ ಬುಡಕ್ಕೆ ನಿಲ್ಲಿಸಿ, "ಕೆರಿ ಎಲ್ಲದ, ತೋರಸ್ರಿ," ಎಂದರು. ಅವರು ಬೆವರುತ್ತ ನಿಂತೇ ಇದ್ದರು. ಕ್ಷಮೆ ಸಿಗಲಿಲ್ಲ.

ಇಳಿಯುವಾಗ, "ಇಷ್ಟ್ಯಾಕ್ರೀ ಸಿಟ್ಟು?" ಎಂದೆ.

"ಬಿಸಿಲಾಗ ನಿಂತಾಕಿ ನಾನು. ನನ್ನ ಹನ್ನೊಂದು ವರ್ಷಾನ ಅವ ನೆಳ್ಳಾಗ ಕೂತು ನುಂಗ್ಯಾನ. ಹ್ಯಾಂಗ ಮರೀಲಿ?"

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅವರಿಂದಲೇ ನಾನು ವಿಜ್ಞಾನದ ಟೀಚರಾದವಳು; ಶ್ರದ್ಧಾಂಜಲಿ ಸಭೆ ನಾನೇ ನಡೆಸಿದೆ. ಕೊನೆಗೆ ಆ ಪ್ರೊಫೆಸರು ಕೋಲೂರಿಕೊಂಡು ಬಂದರು. "ಎರಡ ಮಾತು ಆಡ್ತೀನವ್ವಾ, ನನ್ನ ತಪ್ಪು ಹೇಳ್ಕೋತೀನಿ," ಎಂದು ಕೈ ಚಾಚಿದರು.

ಮೈಕು ನನ್ನ ಕೈಯಲ್ಲಿತ್ತು.

"ಸಭಾ ಮುಗೀತ್ರೀ ಸರ್," ಎಂದು ಅದನ್ನು ಆರಿಸಿಬಿಟ್ಟೆ.