ಗ್ಯಾರೇಜಿಗೆ ಹೋದ ಲ್ಯಾಂಕಾಸ್ಟರ್

ಡೆಸ್ಮಂಡ್ ಲೆಗಟ್ ಒಂದು ಕಡೆ ನಿಲ್ಲುವ ಜೀವವಲ್ಲ. ಇಂಗ್ಲೆಂಡಿನ ಲಿಂಕನ್‌ಶೈರಿನ ಆಲೂಗಡ್ಡೆ ಹೊಲಗಳಲ್ಲಿ ಕೆಟ್ಟು ನಿಂತ ಯಂತ್ರಗಳನ್ನು ಸರಿಮಾಡುತ್ತ, ಊರೂರು ಅಲೆಯುತ್ತಲೇ ಅವನಿಗೆ ಅರವತ್ತಾಯಿತು. ಆಮೇಲೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹೊಲದಲ್ಲೇ ಕುಸಿದ. ಬದುಕಿ ಮನೆಗೆ ಬಂದವನಿಗೆ ಡಾಕ್ಟರು ಹೇಳಿದ್ದು, ಓಡಾಟ ಸಾಕು ಎಂದು.

ಅವನನ್ನು ಹಿಡಿದು ಕೂರಿಸಲೆಂದು ಹೆಂಡತಿ ಬೆರಿಲ್ ಒಂದು ವಿಮಾನ ತಂದುಕೊಟ್ಟಳು. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರಿನ ಮಾದರಿ. ಪ್ಲಾಸ್ಟಿಕ್ಕಿನ ಆಟಿಕೆಯಲ್ಲ, ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ್ದು. ಎರಡೂ ಕೈಯಲ್ಲಿ ಹಿಡಿಯಬೇಕು, ಅಷ್ಟು ದೊಡ್ಡದು.

"ಇದನ್ನ ನೋಡ್ಕೊಂಡು ತೆಪ್ಪಗೆ ಬಿದ್ದಿರು ಮಾರಾಯ," ಎಂದಳು.

ಅವಳ ಲೆಕ್ಕ ತಪ್ಪಿತು. ಆ ಲೋಹದ ಭಾರ ಅಂಗೈ ಮೇಲೆ ಕೂತಾಗ ಡೆಸ್ಮಂಡನ ಒಳಗಿನ ಚಡಪಡಿಕೆ ಕ್ಷಣಕಾಲ ತಣ್ಣಗಾಗುತ್ತಿತ್ತು, ನಿಜ. ಕಪಾಟಿನಲ್ಲಿಟ್ಟ ಕೂಡಲೇ ಕಣ್ಣು ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತಿತ್ತು. ಭಾನುವಾರ ಬಂತೆಂದರೆ ನ್ಯೂವಾರ್ಕ್, ಡಾಂಕಾಸ್ಟರ್, ಎಲ್ಲಿ ಮಾದರಿಗಳ ಸಂತೆ ಇದೆಯೋ ಅಲ್ಲಿಗೆ ಹೊರಟ. ಹರಿಕೇನ್ ಬಂತು, ಮಾಸ್ಕಿಟೊ ಬಂತು, ವೆಲಿಂಗ್ಟನ್ ಬಂತು. ಕೊನೆಗೆ ಲ್ಯಾಂಕಾಸ್ಟರ್ ಬಂತು, ನಾಲ್ಕು ಎಂಜಿನ್ನಿನ ಕಪ್ಪು ಹೊಟ್ಟೆಯ ಬಾಂಬರ್. ಅದರ ರೆಕ್ಕೆ ಯಾವ ಕಪಾಟಿಗೂ ಹಿಡಿಸಲಿಲ್ಲ. ಬೆರಿಲ್‌ಳ ತಾಯಿಯ ಕಾಲದ ಪಿಂಗಾಣಿ ತಟ್ಟೆಗಳು ಅಟ್ಟ ಸೇರಿದವು. ಆ ಜಾಗಕ್ಕೆ ಲ್ಯಾಂಕಾಸ್ಟರ್ ಇಳಿಯಿತು.

"ಇನ್ನು ನಾನು ಎಲ್ಲಿ ಇಳೀಲಿ ಹೇಳು," ಎಂದಳು ಬೆರಿಲ್.

ಅವನಿಗೆ ಆ ವಿಮಾನ ಬರೀ ವಿಮಾನವಾಗಿರಲಿಲ್ಲ. ಮನೆಯೆದುರಿನ ರಸ್ತೆ ದಾಟಿದರೆ ಲ್ಯಾಂಕಾಸ್ಟರುಗಳು ಹಾರುತ್ತಿದ್ದ ಹಳೆಯ ವಾಯುನೆಲೆ. ಅಲ್ಲಿ ಈಗ ಬೀಟ್‌ರೂಟ್ ಬೆಳೆಯುತ್ತಾರೆ. ಯುದ್ಧದ ದಿನಗಳಲ್ಲಿ ಅವನ ತಾಯಿ ಅಲ್ಲಿನ ಕ್ಯಾಂಟೀನಿನಲ್ಲಿದ್ದಳು. ಹಾರಿ ಹೋದ ಹುಡುಗರು ಮರಳುವ ಹೊತ್ತಿಗೆ ಚಹಾ ಸುರಿದು ಸಾಲಾಗಿ ಇಡುತ್ತಿದ್ದಳಂತೆ. ಯಾರೂ ಮುಟ್ಟದೆ ಆರಿಹೋದ ಲೋಟಗಳನ್ನು ತೊಳೆಯುವುದೂ ಅವಳ ಪಾಲಿನ ಕೆಲಸವೇ. ಸಾಯುವ ತನಕ ಅವಳು ತಣ್ಣಗಾದ ಚಹಾವನ್ನು ಚೆಲ್ಲಲು ಬೇರೆಯವರಿಗೆ ಹೇಳುತ್ತಿದ್ದಳು.

ಹೀಗಿರುವಾಗ ಮಗಳು ಹೇಜಲ್ ಜರ್ಮನಿಯ ಹುಡುಗ ಯೋಹೆನ್‌ನನ್ನು ಮದುವೆಯಾದಳು. ನೋಂದಣಿ ಕಚೇರಿಯಲ್ಲಿ ಸರಳವಾಗಿ ಮುಗಿದ ಮದುವೆ, ಹಿರಿಯರಾರೂ ಇರಲಿಲ್ಲ. ಬೇಸಿಗೆಯಲ್ಲಿ ಬೀಗರನ್ನು ಕರೆದುಕೊಂಡು ಬರುತ್ತೇವೆ ಎಂದು ಅವಳು ಫೋನ್ ಮಾಡಿದಳು. ಯೋಹೆನ್‌ನ ತಂದೆ ರೈನ್‌ಹೋಲ್ಡ್ ಟ್ರಾಮ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬರೇ.

"ಅಪ್ಪಾ, ಇನ್ನೊಂದು ಮಾತು. ಅವರ ಊರು ಕಾಸೆಲ್. ಗೊತ್ತಲ್ಲ?"

ಡೆಸ್ಮಂಡನಿಗೆ ಗೊತ್ತಿತ್ತು. ಒಂದೇ ರಾತ್ರಿಯಲ್ಲಿ ಉರಿದುಹೋದ ಊರು. ಈ ಸುತ್ತಿನ ಹೊಲಗಳಿಂದಲೇ ಅಲ್ಲಿಗೆ ಲ್ಯಾಂಕಾಸ್ಟರುಗಳು ಹೋಗಿದ್ದವು.

"ಅವರಿಗೆ ಆಗ ಏಳು ವರ್ಷವಂತೆ. ಆ ವಿಮಾನಗಳನ್ನ ಒಂಚೂರು ಒಳಗಿಡ್ತೀಯಾ?"

ಫೋನ್ ಇಟ್ಟವನು ಮನೆಯೆಲ್ಲ ತಿರುಗಾಡಿದ. ಮಧ್ಯಾಹ್ನಕ್ಕೆ ಅಷ್ಟನ್ನೂ ಗ್ಯಾರೇಜಿಗೆ ಸಾಗಿಸಿ ಮೇಲೊಂದು ಬೆಡ್‌ಶೀಟ್ ಹೊದಿಸಿದ. ಸಂಜೆ ಕೋಣೆಗೆ ಬಂದು ನಿಂತರೆ ಕಪಾಟಿನ ಧೂಳಿನಲ್ಲಿ ರೆಕ್ಕೆಗಳ ಆಕಾರ ಹಾಗೇ ಉಳಿದಿತ್ತು.

"ಕಳ್ಳರು ನುಗ್ಗಿದ ಮನೆ ಥರ ಇದೆ. ನಾವೇನು ಕದ್ದಿದೀವಾ?" ಎಂದಳು ಬೆರಿಲ್.

ಮರುದಿನ ಎಲ್ಲವನ್ನೂ ಒಳಗೆ ತಂದ. ಅದರ ಮರುದಿನ ಮತ್ತೆ ಹೊರಗೆ. ಆಮೇಲೆ ಸ್ಪಿಟ್‌ಫೈರ್ ಒಂದನ್ನು ಒಳಗೆ ತಂದು, "ಇದು ಕಾವಲಿನ ವಿಮಾನ. ಇದು ಕಾಸೆಲ್ ಮೇಲೆ ಬಾಂಬ್ ಹಾಕಿಲ್ಲ," ಎಂದ.

"ಬಂದೋರ ಮುಂದೆ ಅದನ್ನೂ ಹೇಳ್ತೀಯಾ? ಇದು ಒಳ್ಳೇದು, ಕೆಟ್ಟದ್ದು ಗ್ಯಾರೇಜಲ್ಲಿದೆ ಅಂತ?"

ಸ್ಪಿಟ್‌ಫೈರ್ ಕೂಡ ಗ್ಯಾರೇಜು ಸೇರಿತು. ತಾನು ನಾಚಿಕೊಂಡಿದ್ದು ವಿಮಾನಕ್ಕೋ, ಬಚ್ಚಿಟ್ಟಿದ್ದಕ್ಕೋ ಅವನಿಗೇ ತಿಳಿಯಲಿಲ್ಲ. ತಾಯಿ ತೊಳೆದಿಟ್ಟ ಲೋಟಗಳು ನೆನಪಾಗಿ, ಆ ಹುಡುಗರಿಗೆ ಬೆನ್ನು ತಿರುಗಿಸಿದೆನೇನೋ ಎನಿಸಿತು. ಏಳು ವರ್ಷದ ಮಗುವೊಂದು ಕಣ್ಣಮುಂದೆ ಬಂದಾಗ ಬೆಡ್‌ಶೀಟನ್ನು ಇನ್ನಷ್ಟು ಕೆಳಗೆ ಎಳೆದ.

ರೈನ್‌ಹೋಲ್ಡ್ ಬಂದರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಪುಸ್ತಕದಿಂದ ಕಲಿತ ಇಂಗ್ಲಿಷು. ಬೆರಿಲ್ ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡು, ಚೀಸ್, ಚಹಾ ತಂದಿಟ್ಟಳು. ಬೀಗರು ಖಾಲಿ ಕಪಾಟನ್ನು ಒಮ್ಮೆ ನೋಡಿ ಚಹಾ ಕೈಗೆತ್ತಿಕೊಂಡರು. ಡೆಸ್ಮಂಡ್ ಹಾಲು ತರಲು ಎದ್ದ, ಕಿಟಕಿ ತೆರೆಯಲು ಎದ್ದ, ಮುಚ್ಚಲು ಎದ್ದ.

ಚಹಾ ಮುಗಿಸಿ ಪೈಪು ಸೇದಲು ಹೊರಗೆ ಹೋದ ರೈನ್‌ಹೋಲ್ಡ್ ಮಳೆ ಹನಿಯತೊಡಗಿದರೂ ಒಳಗೆ ಬರಲಿಲ್ಲ. ಎಲ್ಲಿ ಹೋದರೆಂದು ಡೆಸ್ಮಂಡ್ ಹೋಗಿ ನೋಡಿದರೆ, ಗ್ಯಾರೇಜಿನ ಬಾಗಿಲು ತೆರೆದಿದೆ. ಬೆಡ್‌ಶೀಟಿನ ಒಂದು ತುದಿ ಬೀಗರ ಕೈಯಲ್ಲಿದೆ.

"ಕ್ಷಮಿಸಿ. ಮಳೆ ಬಂದಿತು. ಇದು ಯಾವುದು?"

ಸುಳ್ಳು ಹೇಳಬಹುದಿತ್ತು. "ಲ್ಯಾಂಕಾಸ್ಟರ್," ಎಂದ ಡೆಸ್ಮಂಡ್.

"ಕಾಸೆಲ್‌ಗೆ ಬಂದದ್ದು?"

"ಹೌದು. ಇಲ್ಲಿಂದಲೂ ಹೋಗಿದ್ವು. ಈ ರಸ್ತೆ ಆಚೆಯಿಂದ."

"ನಾನು ಎತ್ತಲೇ?"

ಎತ್ತಿದರು. ಅದರ ಭಾರಕ್ಕೆ ಮೊದಲು ಬೆಚ್ಚಿದರು. ಆಮೇಲೆ ನಿಧಾನವಾಗಿ ತಲೆಯ ಮೇಲಕ್ಕೆ ಹಿಡಿದು ಕೆಳಗಿನಿಂದ ಅದರ ಕಪ್ಪು ಹೊಟ್ಟೆಯನ್ನು ನೋಡಿದರು. ಭಾರಕ್ಕೆ ವಿಮಾನ ಒಂದು ಕಡೆ ವಾಲಿತು. ಡೆಸ್ಮಂಡ್ ಹೋಗಿ ಒಂದು ರೆಕ್ಕೆಗೆ ಕೈ ಕೊಟ್ಟ.

"ನಾನು ಇದನ್ನು ನೋಡಿರಲಿಲ್ಲ. ನಾವು ನೆಲಮಾಳಿಗೆಯಲ್ಲಿ ಇದ್ದೆವು. ಶಬ್ದ ಮಾತ್ರ ಇತ್ತು." ವಿಮಾನವನ್ನು ಕೆಳಗಿಳಿಸುತ್ತ ಕೇಳಿದರು, "ನಿಮಗೆ ಇದು ಇಷ್ಟವೇ?"

"ಇಷ್ಟ. ಯಾಕೆ ಅಂದ್ರೆ ಹೇಳೋಕೆ ಬರಲ್ಲ."

ರೈನ್‌ಹೋಲ್ಡ್ ತಲೆಯಾಡಿಸಿದರು. ವಿಮಾನವನ್ನು ಎದೆಗೊತ್ತಿಕೊಂಡು ಮಳೆಯಲ್ಲೇ ಅಂಗಳ ದಾಟಿ ಒಳಗೆ ನಡೆದು, ಚಹಾದ ಪಾತ್ರೆಗಳ ನಡುವೆ ಮೇಜಿನ ಮೇಲಿಟ್ಟರು.

ಹೇಜಲ್‌ಳ ಮುಖ ಕೆಂಪಾಯಿತು. "ಅಪ್ಪಾ! ನಾನು ಅಷ್ಟು ಹೇಳಿದ್ದೆ..."

"ಅವರಲ್ಲ. ತಂದವನು ನಾನು," ಎಂದರು ರೈನ್‌ಹೋಲ್ಡ್. ನಂತರ ಮಗನ ಕಡೆ ತಿರುಗಿ ಜರ್ಮನ್ನಿನಲ್ಲಿ ಮಾತಾಡತೊಡಗಿದರು. ಯೋಹೆನ್ ಬ್ರೆಡ್ಡು ಹಿಡಿದ ಕೈಯನ್ನು ತಟ್ಟೆಗಿಳಿಸಿದ. ಹೇಜಲ್ ತಂದೆತಾಯಿಗೆ ಮೆಲ್ಲಗೆ ಹೇಳುತ್ತ ಹೋದಳು: "ಅವರಿಗೊಬ್ಬಳು ಅಕ್ಕ ಇದ್ದಳಂತೆ. ಟ್ರೂಡೆ. ಆ ರಾತ್ರಿ ನೆಲಮಾಳಿಗೆಯಲ್ಲಿ ಹೊಗೆ ತುಂಬಿ ಅಲ್ಲೇ ಹೋದಳಂತೆ. ಯೋಹೆನ್‌ಗೆ... ಯೋಹೆನ್‌ಗೆ ಒಬ್ಬಳು ಸೋದರತ್ತೆ ಇದ್ದಳು ಅಂತಾನೇ ಗೊತ್ತಿರಲಿಲ್ಲ."

ಮಾತು ಬಹಳ ಹೊತ್ತು ನಡೆಯಿತು. ಯೋಹೆನ್ ಒಂದೆರಡು ಸಲ ಗಟ್ಟಿಯಾಗಿ ಏನೋ ಕೇಳಿದ, ಸಿಟ್ಟೇ ಇರಬೇಕು. ಮುಗಿದ ಮೇಲೆ ಎದ್ದು ರಸ್ತೆಯುದ್ದಕ್ಕೂ ನಡೆದುಹೋದ. ಹೇಜಲ್ ಕೊಡೆ ಹಿಡಿದು ಹಿಂದೆ ಓಡಿದಳು.

"ಈಗ ಇದನ್ನು ತೆಗೆದುಬಿಡಿ. ನಾನು ಮತ್ತೆ ನೋಡಲಾರೆ," ಎಂದರು ರೈನ್‌ಹೋಲ್ಡ್. ಡೆಸ್ಮಂಡ್ ತೆಗೆದ. ಕ್ಷಮಿಸಿ ಎನ್ನಬೇಕೆಂದುಕೊಂಡ, ಆ ಹುಡುಗರ ಪರವಾಗಿ ಅದನ್ನು ಹೇಳಲು ತಾನು ಯಾರು ಎನಿಸಿತು. ಬೆರಿಲ್ ಬೀಗರ ಒದ್ದೆ ಕೋಟನ್ನು ಬಿಚ್ಚಿಸಿ ಒಲೆಯ ಮುಂದೆ ಹರಡಿದಳು.

ಅವರೆಲ್ಲ ಹೋದ ಮೇಲೂ ಡೆಸ್ಮಂಡ್ ಸಂತೆ ಬಿಡಲಿಲ್ಲ. ಆದರೆ ಕೊಂಡದ್ದಕ್ಕಿಂತ ಮುಟ್ಟಿ ನೋಡಿ ಬಂದದ್ದೇ ಹೆಚ್ಚು. ಲ್ಯಾಂಕಾಸ್ಟರನ್ನು ಕಪಾಟಿಗೆ ಏರಿಸಲೂ ಆಗಲಿಲ್ಲ, ಮಾರಲೂ ಆಗಲಿಲ್ಲ. ಅದು ಮಹಡಿಗೆ ಹೋಯಿತು, ಮೆಟ್ಟಿಲ ಕೆಳಗೆ ಬಂತು, ಮತ್ತೆ ಮಹಡಿಗೆ ಹೋಯಿತು.

ಮರುವರ್ಷ ಅವನೇ ಕಾಸೆಲ್‌ಗೆ ಹೊರಟ. ಜೀವಮಾನದಲ್ಲಿ ವಿಮಾನ ಹತ್ತದವನು ಹಲ್ ಬಂದರಿನಿಂದ ಹಡಗು ಹಿಡಿದು, ರೈಲು ಬದಲಿಸಿ ತಲುಪಿದ. ರೈನ್‌ಹೋಲ್ಡ್ ನಿಲ್ದಾಣಕ್ಕೆ ಬಂದು ಅವನ ಪೆಟ್ಟಿಗೆ ಹಿಡಿದರು. ಎರಡನೆಯ ದಿನ ಒಂದು ಬೂಟಿನಂಗಡಿಗೆ ಕರೆದೊಯ್ದರು. ಯುದ್ಧದ ನಂತರ ಕಟ್ಟಿದ ಸಪ್ಪೆ ಕಟ್ಟಡ.

"ಆ ನೆಲಮಾಳಿಗೆ ಇದರ ಕೆಳಗೆ," ಎಂದರು. "ಈಗ ಬೂಟಿನ ಪೆಟ್ಟಿಗೆಗಳನ್ನು ಇಡುತ್ತಾರೆ."

"ಕೇಳಿದ್ರೆ ಇಳಿಯೋಕೆ ಬಿಡ್ತಾರಾ?"

"ಬಿಡಬಹುದು. ನಾನು ಇಳಿಯುವುದಿಲ್ಲ."

ಅಂಗಡಿಯ ಹುಡುಗಿ ಏನು ಬೇಕೆಂದು ಕೇಳಿದಳು. ಏನೂ ಬೇಡವೆಂದು ಇಬ್ಬರೂ ಹೊರಬಂದು, ಎದುರಿಗೆ ಬಂದ ಟ್ರಾಮ್ ಹತ್ತಿದರು.

ಟ್ರಾಮ್ ತಿರುವು ದಾಟಿದ ಮೇಲೆ ರೈನ್‌ಹೋಲ್ಡ್ ತಾವಾಗಿಯೇ ಹೇಳಿದರು: "ಟ್ರೂಡೆ ಹಾಡುತ್ತಿದ್ದಳು. ಮೇಲಿನ ಶಬ್ದ ಕೇಳಿಸಬಾರದು ಎಂದು ಜೋರಾಗಿ. ಶ್ರುತಿಯೇ ಇರಲಿಲ್ಲ ಅವಳಿಗೆ. ಸುಮ್ಮನಿರು ಎಂದು ಎಲ್ಲರೂ ಬೈಯುತ್ತಿದ್ದರು."

"ಸುಮ್ಮನಾದಳಾ?"

"ಟ್ರೂಡೆಯೇ? ಎಲ್ಲಿಂದ!" ಎಂದು ಅವರು ನಕ್ಕರು. ಡೆಸ್ಮಂಡನಿಗೂ ನಗು ಬಂತು. ಅವಳು ಬೇರೇನು ಮಾಡುತ್ತಿದ್ದಳೆಂದು ಅವನು ಕೇಳಿದ. ಇಳಿಯಬೇಕಾದ ನಿಲ್ದಾಣ ಆಗಲೇ ಹಿಂದೆ ಸರಿದಿತ್ತು. ಆ ಹಾದಿಯಲ್ಲಿ ಅಷ್ಟು ವರ್ಷ ಟ್ರಾಮ್ ಓಡಿಸಿದವರಿಗೂ ಅದು ಗಮನಕ್ಕೆ ಬರಲಿಲ್ಲ.